ಜಪಾನಿನ ಊಟ, ಗಾಜಿಪುರದ ರೊಟ್ಟಿ

ಗಾಜಿಪುರ, ಕಲಬುರ್ಗಿ
ಕ್ಷಯ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ (1926)

ಕಮಲಾಪುರದ ತವರಿನಲ್ಲಿ ಸುಖವಾಗಿರುವ ಸೌಭಾಗ್ಯವತಿ ಭಾಗಮ್ಮನಿಗೆ ಗಂಡ ಜಗದೇವಪ್ಪನ ಪ್ರೀತಿಯ ಆಶೀರ್ವಾದಗಳು.

ಇದನ್ನು ನೀನೇ ಓದು. ನಿಮ್ಮಣ್ಣನ ಕೈಗೆ ಕೊಟ್ಟರೆ ಇಡೀ ಓಣಿಗೆ ಕೇಳುವಂತೆ ಓದುತ್ತಾನೆ.

ಅವ್ವನಿಗೆ ಆರಾಮಿಲ್ಲ ಎಂದು ಹೇಳಿ ನೀನು ಹೋಗಿ ಎರಡು ತಿಂಗಳಾಯಿತು. ಮೊನ್ನೆ ನಿಮ್ಮವ್ವ ಸಂತೆಯಲ್ಲಿ ಕೆಂಪು ಬಾಳೆಹಣ್ಣಿಗೆ ಗಟ್ಟಿ ದನಿಯಲ್ಲಿ ಚೌಕಾಸಿ ಮಾಡುತ್ತಿದ್ದರೆಂದು ನೋಡಿದವರು ಹೇಳಿದರು. ಇರಲಿ. ನೀನು ಹೋಗುವ ಮುನ್ನಾದಿನ ಕಚೇರಿಯ ಮೂವರನ್ನು ಹೇಳದೆ ಕೇಳದೆ ಮಧ್ಯಾಹ್ನದ ಊಟಕ್ಕೆ ಕರೆತಂದವನು ನಾನು. ಅವರೆದುರೇ ಬದನೆಕಾಯಿಗೆ ಉಪ್ಪಿಲ್ಲ ಎಂದು ರೇಗಿದವನೂ ನಾನೇ. ಉಪ್ಪು ಸರಿಯಾಗಿಯೇ ಇತ್ತು.

ಮನೆ ಬಿಕೋ ಅನ್ನುತ್ತದೆ. ಹೊತ್ತು ಹೋಗಲೆಂದು ಉರ್ದು ಮಾಸ್ತರ ಇಮಾಮುದ್ದೀನ್ ಸಾಹೇಬರಿಂದ ಜಪಾನ್ ದೇಶದ ಬಗೆಗಿನ ಎರಡು ಪುಸ್ತಕ ತಂದೆ. ನಗಬೇಡ, ನಾನು ಓದಿದ್ದು ಅಡುಗೆಯ ಅಧ್ಯಾಯಗಳನ್ನೇ. ಅಲ್ಲಿ ಅತಿಥಿಗಳಿಗೆ ಚಹಾ ಕೊಡುವ ಮುಂಚೆ ಒಂದು ದೊಡ್ಡ ಮರ್ಯಾದೆಯ ಊಟವಿದೆ. ಅದರ ಹೆಸರಿಗೆ ಎದೆಗವಚಿಕೊಂಡ ಕಲ್ಲು ಎಂದು ಅರ್ಥವಂತೆ. ಹಿಂದೆ ಅವರ ಸನ್ಯಾಸಿಗಳು ಹಸಿವು ತಡೆಯಲು ಬಿಸಿ ಕಲ್ಲನ್ನು ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಒಂದಾದ ಮೇಲೊಂದು ಪದಾರ್ಥ, ಎಲ್ಲವೂ ಎರಡೇ ತುತ್ತು, ಆ ಋತುವಿನಲ್ಲಿ ಬೆಳೆದದ್ದೇ. ಬಟ್ಟಲು ಕೂಡ ಋತುವಿಗೆ ಒಪ್ಪಬೇಕು. ಕರೆದ ಯಜಮಾನನೇ ಬಡಿಸಿ, ಬಾಗಿಲ ಹಿಂದೆ ಕಾಯುತ್ತಾನೆ. ಉಂಡವರು ಕೊನೆಗೆ ತಮ್ಮ ಊಟದ ಕಡ್ಡಿಗಳನ್ನು ಒಟ್ಟಿಗೇ ತಟ್ಟೆಗೆ ಬಿಡುತ್ತಾರೆ. ಆ ಸಪ್ಪಳದಿಂದ ಒಳಗಿದ್ದವನಿಗೆ ಊಟ ಮುಗಿದದ್ದು ತಿಳಿಯುತ್ತದೆ. ಒಳಗೊಬ್ಬರು ಇದ್ದಾರೆಂಬುದನ್ನು ಉಣ್ಣುವವರು ಮರೆಯುವ ಹಾಗೇ ಇಲ್ಲ. ಅಲ್ಲಿಗೆ ನಾನು ಪುಸ್ತಕ ಮುಚ್ಚಿಟ್ಟೆ.

ಶುಕ್ರವಾರ ರಜೆ. ನಮಾಜು ಮುಗಿಸಿ ಬಂದ ಸಾಹೇಬರನ್ನು ಕೂಡಿಸಿ ಆ ಪದ್ಧತಿಯಲ್ಲೇ ಬಡಿಸಿದೆ. ಒಂದು ಬಟ್ಟಲಲ್ಲಿ ಆರು ಹಸಿ ಕಡಲೆಕಾಳು, ಇನ್ನೊಂದರಲ್ಲಿ ಅರ್ಧ ಬದನೆಕಾಯಿ, ಪಕ್ಕದಲ್ಲಿ ಚೆಂದಕ್ಕೊಂದು ಬೇವಿನ ಎಲೆ. ಅವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು. “ಜಗದೇವಪ್ಪನವರ, ಖಾನಾ ಯಾವಾಗ ಬರ್ತದ್ರೀ?” ಎಂದರು.

ಸೋತು ರೊಟ್ಟಿ ಬಡಿಯಲು ಕೂತೆ. ಮೊದಲನೆಯದು ಹರಿಯಿತು, ಎರಡನೆಯದು ಸುಟ್ಟಿತು, ಮೂರನೆಯದು ನಿಜಾಮರ ಸೀಮೆಯ ನಕ್ಷೆಯ ಹಾಗಿತ್ತು. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ರೂಢಿಯಂತೆ “ಇನ್ನೊಂದು ತಗೋರಿ, ನಾಚ್ಕೋಬ್ಯಾಡ್ರೀ” ಎಂದು ಒತ್ತಾಯ ಮಾಡಿದೆ. ಪಾಪ, ನನ್ನ ಮನಸ್ಸು ನೋಯಬಾರದೆಂದು ಅವರು ಎಲ್ಲವನ್ನೂ ತಿಂದರು. ಹಿಟ್ಟೂ ಮುಗಿದಿತ್ತು. ಅವರನ್ನು ಕಳಿಸಿ ಒಳಗೆ ಬಂದು ಖಾಲಿ ರೊಟ್ಟಿ ಬುಟ್ಟಿಯ ಮುಂದೆ ಕೂತೆ.

ಅಂದು ನಿನ್ನ ಬುಟ್ಟಿಯನ್ನೂ ಹೀಗೇ ಒತ್ತಾಯ ಮಾಡಿ ಮಾಡಿ ಬರಿದು ಮಾಡಿಸಿದ್ದೆ. ನೀನು ಏನು ಉಂಡೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಈ ಪುಸ್ತಕ ಓದಿದ ಮೇಲೆ ತಿಳಿಯಿತು. ತಪ್ಪಾಯಿತು, ಭಾಗಮ್ಮ. ನೀನಿಲ್ಲದೆ ನನಗೆ ಆಗುವುದಿಲ್ಲ. ಬರುವ ಶುಕ್ರವಾರ ನಾನೇ ಬಂಡಿ ಕಟ್ಟಿಸಿಕೊಂಡು ಬರುತ್ತೇನೆ. ಏರುವುದು, ಬಿಡುವುದು ನಿನ್ನಿಚ್ಛೆ. ಏರಿದರೆ ಇನ್ನು ಮೇಲೆ ನಮ್ಮಿಬ್ಬರ ಊಟ ಒಟ್ಟಿಗೇ.

ನಿನ್ನವನೇ ಆದ
ಜಗದೇವಪ್ಪ

ತಾ.ಕ.: ಪುಸ್ತಕ ಓದಿದ ಮೇಲೆ ತಿಳಿಯಿತು ಎಂದು ಬರೆದದ್ದು ಸುಳ್ಳು. ಅಂದು ಅವರೆಲ್ಲ ಕೈ ತೊಳೆಯುತ್ತಿದ್ದಾಗ ಅಡಕೆ ತರಲು ಒಳಗೆ ಬಂದಿದ್ದೆ. ನೀನು ಬರೀ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದೆ. ತಲೆ ಎತ್ತಿ ನನ್ನನ್ನು ನೋಡಿದೆ. ನಾನು ಮುಖ ತಿರುಗಿಸಿ ಹೊರಗೆ ನಡೆದೆ. ನೀನು ಹೋದದ್ದು ಅದಕ್ಕೇ ಎಂದು ನನಗೆ ಅಂದೇ ಗೊತ್ತಿತ್ತು.