ಅಳತೆ ಬಟ್ಟೆ

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಎರಡೂ ಕಾಗದ ಕೈಸೇರಿವೆ. ಉತ್ತರಕ್ಕೆ ಇಷ್ಟು ದಿನ ಮಾಡಿದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮುದ್ದಿನ ಮಗಳು ಗುಬ್ಬಿ ಪಕ್ಕದಲ್ಲೇ ಇರುತ್ತಾಳೆ. ಅವಳ ಕಿವಿ ಎಷ್ಟು ಚುರುಕು ಅಂತ ನಿನಗೇ ಗೊತ್ತು.

ನೀನು ಹೊಲಿದು ಕಳಿಸಿದ ಕುರ್ತಾ ಹಾಕಿಕೊಂಡೆ. ಅಳತೆ ಬಟ್ಟೆ ಇಲ್ಲದೆಯೇ ತೋಳು, ಕತ್ತು ಎಲ್ಲ ಸರಿಯಾಗಿ ಕೂತಿದೆ. ಸೊಂಟದ ಹತ್ತಿರ ಮಾತ್ರ ನಿನ್ನ ತಂಗಿ ಇನ್ನೂ ಕಾಲೇಜು ಹುಡುಗಿ ಅಂದುಕೊಂಡಿದ್ದೀಯ.

ಗುಬ್ಬಿಯ ವಿಷಯಕ್ಕೆ ಬರುತ್ತೇನೆ. ಮೊಣಕಾಲಿನ ಮೂಳೆಯಿಂದ ಹೊರಟು ಶ್ವಾಸಕೋಶ ಸೇರಿದ ಆ ಗಡ್ಡೆಗೆ ಡಾಕ್ಟರು ಹೊಸ ಔಷಧಿಯೊಂದರ ಮಾತಾಡಿದರಲ್ಲ, ಅದು ಒಂದು ಬಗೆಯ ಗಡ್ಡೆಗೆ ಮಾತ್ರ. ಅವಳದು ಆ ಬಗೆಯೋ ಅಲ್ಲವೋ ನೋಡಲು ಗಡ್ಡೆಯ ಚೂರು ನಮ್ಮ ಲ್ಯಾಬಿಗೇ ಬಂತು. "ಬೇರೆಯವ್ರ ಕೈಗೆ ಯಾಕೆ, ನಿನ್ನ ಕೈಯಲ್ಲೇ ಇರ್ಲಿ" ಅಂದವನು ನೀನೇ.

ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ. ಜೀವಕೋಶದೊಳಗಿನ ವರ್ಣತಂತುಗಳಿಗೆ ತುದಿಯಲ್ಲೊಂದು ಅಂಚು ಇರುತ್ತದೆ, ಟೆಲೊಮಿಯರ್ ಅಂತ. ಕೋಶ ಒಡೆದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. ನನ್ನ ಶಾಲೆಯ ಲಂಗದ ಅಂಚನ್ನು ನೀನು ಒಳಗೆ ದಪ್ಪಗೆ ಮಡಿಸಿ, ವರ್ಷಾವರ್ಷ ಬಿಚ್ಚಿ ಇಳಿಸುತ್ತಿದ್ದೆಯಲ್ಲ, ಮಡಿಸಿಟ್ಟ ಬಟ್ಟೆ ಮುಗಿದ ಮೇಲೆ ಲಂಗದ ಕಥೆಯೂ ಮುಗಿಯುತ್ತಿತ್ತು. ಕೋಶವೂ ಹಾಗೆಯೇ ಒಂದು ದಿನ ನಿಲ್ಲಬೇಕು. ಹೆಚ್ಚಿನ ಕ್ಯಾನ್ಸರುಗಳು ನಿಲ್ಲುವುದಿಲ್ಲ, ಹೊಸ ಅಂಚು ಕಟ್ಟಿಕೊಡುವ ಟೆಲೊಮರೇಸ್ ಎಂಬ ಹೊಲಿಗೆ ಯಂತ್ರ ಅವುಗಳ ಬಳಿ ಇರುತ್ತದೆ. ಆ ಔಷಧಿ ಕೆಡಿಸುವುದು ಆ ಯಂತ್ರವನ್ನು.

ಗುಬ್ಬಿಯ ಗಡ್ಡೆಯಲ್ಲಿ ಯಂತ್ರವೇ ಇಲ್ಲ ಅಣ್ಣ.

ಆದರೂ ಅಂಚು ಸವೆದಿಲ್ಲ. ಪಕ್ಕದ ವರ್ಣತಂತುವಿನ ತುದಿಯನ್ನೇ ಅಳತೆ ಬಟ್ಟೆಯ ಹಾಗೆ ಇಟ್ಟುಕೊಂಡು, ಅದನ್ನು ನೋಡಿ ನೋಡಿ ತನ್ನದನ್ನು ಉದ್ದ ಮಾಡಿಕೊಳ್ಳುತ್ತಿದೆ. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರಿದೆ. ನಾನು ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಬೇರೆ ಯಾರದೋ ಚೂರಿಗೆ ಇವಳ ಚೀಟಿ ಅಂಟಿಸಿರಬಹುದು ಅಂತ ಆಸೆಪಟ್ಟೆ. ಇನ್ನೊಂದು ಮನೆಯ ಮಗುವಿಗೆ ಈ ಗತಿ ಬರಲಿ ಅಂತ ಬಯಸಿದ ಹಾಗಾಯಿತು, ಆದರೂ ಬಯಸಿದೆ. ಕೊನೆಗೆ ನಮ್ಮ ಮೇಡಂ ತಾವೇ ಕೂತು ನೋಡಿದರು.

"ಇದು ಹೇಗೆ ಬದುಕುತ್ತೆ ಅನ್ನೋದು ಅಷ್ಟಿಷ್ಟು ಗೊತ್ತು ಕಣಮ್ಮ. ಹೇಗೆ ಸಾಯಿಸೋದು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ" ಅಂದರು. ಆಮೇಲೂ ನನ್ನ ಪಕ್ಕ ಕೂತೇ ಇದ್ದರು.

ಹಾಗಾಗಿ ಆ ಔಷಧಿ ಅವಳಿಗೆ ಸಿಗುವುದಿಲ್ಲ, ಸಿಕ್ಕರೂ ನಾಟುವುದಿಲ್ಲ. "ನನ್ ತಂಗಿ ಅಲ್ಲೇ ಇದಾಳೆ, ಏನಾದ್ರೂ ಮಾಡ್ತಾಳೆ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೀಯಂತೆ, ಅತ್ತಿಗೆ ಹೇಳಿದರು. ಇನ್ನು ಹೇಳಬೇಡ. ಕಣ್ಣು ಹಾಳು ಮಾಡಿಕೊಂಡು ಹೊಲಿದು ನನ್ನನ್ನು ಓದಿಸಿದೆ, ಓದಿದ್ದು ನಿನ್ನ ಮಗಳ ಉಪಯೋಗಕ್ಕೆ ಬರಲಿಲ್ಲ. ಏನು ಮಾಡಬೇಕೋ ನನಗೆ ತೋಚುತ್ತಿಲ್ಲ ಅಣ್ಣ.

ನೋವು ಕಡಿಮೆ ಮಾಡುವ ಡಾಕ್ಟರೊಬ್ಬರ ಜೊತೆ ಮಾತಾಡಿದ್ದೇನೆ, ಒಳ್ಳೆಯವರು. ಭಾನುವಾರ ಹೊರಟು ಬರುತ್ತೇನೆ. ಗುಬ್ಬಿಗೆ ನಾನೇ ಹೇಳಬೇಕೆಂದರೆ ಹೇಳುತ್ತೇನೆ. ಅತ್ತಿಗೆಗೆ ನಮಸ್ಕಾರ. ಅತ್ತೆ ಕೊಟ್ಟಳು ಅಂತ ಗುಬ್ಬಿಯ ಹಣೆಗೆ ಒಂದು ಮುತ್ತು ಕೊಡು. ಅವಳು ನೋವಿಲ್ಲದೆ ನಿದ್ದೆ ಮಾಡಲಿ, ಸದ್ಯಕ್ಕೆ ಅಷ್ಟೇ ಹರಸುತ್ತೇನೆ.

ನಿನ್ನ ತಂಗಿ,
ಪುಟ್ಟಿ

ವಿ.ಸೂ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಗುಬ್ಬಿ ಏನೂ ತಿನ್ನುತ್ತಿಲ್ಲ, ಚಮಚ ಹತ್ತಿರ ತಂದರೆ ಮುಖ ತಿರುಗಿಸುತ್ತಾಳೆ ಅಂತ ಬರೆದಿದ್ದೀಯ. ಆ ಚೂರಿನಿಂದ ಬೆಳೆಸಿದ ಕೋಶಗಳು ಇಲ್ಲಿ ಪೆಟ್ಟಿಗೆಯೊಂದರಲ್ಲಿ ಮೈ ಶಾಖದಷ್ಟು ಬೆಚ್ಚಗಿವೆ. ಮುಂದೆ ಯಾವುದಾದರೂ ಮಗುವಿಗೆ ಔಷಧಿ ಸಿಗಬೇಕಾದರೆ ಅವು ಬದುಕಿರಬೇಕು ಅನ್ನುತ್ತಾರೆ ಮೇಡಂ. ದಿನ ಬಿಟ್ಟು ದಿನ ಅವಕ್ಕೆ ಊಟ ಹಾಕುವುದು ನನ್ನ ಕೆಲಸ. ಚೆನ್ನಾಗಿ ತಿನ್ನುತ್ತಿವೆ ಅಣ್ಣ. ಇವತ್ತೂ ಹಾಕಿ ಬಂದೆ.