ನಾಯಕಿಗೆ ಮಾತು ಬಂತು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ನೀನು, ಅಳಿಯಂದಿರು, ಮೊಮ್ಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕಣ್ಣುನೋವಿನ ನೆಪ ಹೇಳೋಣವೆಂದರೆ ನೀನು ಕನ್ನಡಕದ ಅಂಗಡಿಯವಳು, ಹೋದ ತಿಂಗಳು ತಾನೇ ಹೊಸ ಜೊತೆ ಕಳಿಸಿದ್ದೀಯ. ನಿಜ ಹೇಳಿಬಿಡುತ್ತೇನೆ. ನಿನ್ನ ಪ್ರಶ್ನೆಗೆ ಏನು ಬರೆಯಬೇಕೆಂದು ತೋಚಲಿಲ್ಲ. "ಅಪ್ಪ, ಲವ್ ಸ್ಟೋರಿ ಬರೆಯೋ ಕ್ಲಾಸಿಗೆ ಸೇರಿದ್ದೀರಂತೆ, ಚಿಕ್ಕಮ್ಮ ಹೇಳಿದ್ರು. ಹೌದಾ? ಯಾಕೆ?" ಎಂದು ಕೇಳಿದ್ದೆ. ಹೌದು ಎನ್ನುವುದು ಸುಲಭ. ಯಾಕೆ ಎನ್ನುವುದು ಅಷ್ಟು ಸುಲಭವಲ್ಲ.

ಅರವತ್ತಕ್ಕೆ ಅರಳು ಮರಳು ಎಂದು ನಿನ್ನ ಚಿಕ್ಕಮ್ಮ ನನ್ನ ಮುಖಕ್ಕೇ ಹೇಳಿದ್ದಾಳೆ. "ಅರವತ್ತು ದಾಟಿ ನಾಲ್ಕು ವರ್ಷ ಆಯ್ತಲ್ಲ, ಇನ್ನೂ ಒಂದು ಕೈ ಜಾಸ್ತಿನೇ ಇರ್ಬೇಕು ಬಿಡು" ಎಂದೆ.

ಲೈಬ್ರರಿಯ ಮಹಡಿಯ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕ್ಲಾಸು. ಒಟ್ಟು ಒಂಬತ್ತು ಜನ, ನನ್ನನ್ನು ಬಿಟ್ಟರೆ ಎಲ್ಲರೂ ಹೆಂಗಸರು. ಕಲಿಸುವವರನ್ನು ನಾವು ಟೀಚರಮ್ಮ ಎನ್ನುತ್ತೇವೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತುಹಾಕುತ್ತಾರಲ್ಲ, ಅಂಥ ಅರವತ್ತೆರಡು ಕಾದಂಬರಿ ಬರೆದವರು. ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ. "ನನ್ನ ಪುಸ್ತಕ ಓದೋಳು ದಿನವಿಡೀ ದುಡಿದು ಬಸ್ಸಲ್ಲಿ ನಿಂತ್ಕೊಂಡು ಮನೆಗೆ ಹೋಗೋಳು" ಎಂದರು ಮೊದಲ ದಿನ. "ಒಂದು ಕೈಯಲ್ಲಿ ಕಂಬಿ, ಇನ್ನೊಂದ್ರಲ್ಲಿ ಪುಸ್ತಕ. ಅವಳಿಗೆ ಮೋಸ ಮಾಡ್ಬೇಡಿ. ಮೂರನೇ ಪುಟದೊಳಗೆ ಇಬ್ಬರೂ ಭೇಟಿ ಆಗ್ಬೇಕು, ಕೊನೇ ಪುಟದಲ್ಲಿ ಒಂದಾಗ್ಬೇಕು. ಅಷ್ಟು ತಡ ಯಾಕಾಯ್ತು ಅನ್ನೋದೇ ಕಾದಂಬರಿ."

ಎರಡನೆಯ ವಾರ ಮನೆಪಾಠ ಕೊಟ್ಟರು. ನಾಯಕ ನಾಯಕಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕು. ಮೂವತ್ತೊಂದು ವರ್ಷ ಲಿಫ್ಟ್ ತಪಾಸಣೆ ಮಾಡಿದವನು ನಾನು, ಸುಮ್ಮನಿರಲಾಗಲಿಲ್ಲ. "ಮೇಡಂ, ಸರಿಯಾಗಿ ತಪಾಸಣೆ ಆದ ಲಿಫ್ಟು ಹಾಗೆಲ್ಲ ನಿಲ್ಲಲ್ಲ" ಎಂದೆ. "ನೀವು ಮೊದಲು ನಿಲ್ಸಿ ಸರ್, ಸರ್ಟಿಫಿಕೇಟು ಆಮೇಲೆ ನೋಡೋಣ" ಎಂದರು.

ನಾಲ್ಕು ಸಲ ತಿದ್ದಿ ಬರೆದೆ. ಮುಂದಿನ ಶನಿವಾರ ಕ್ಲಾಸಿನಲ್ಲಿ ಎದ್ದುನಿಂತು ಓದಿದೆ. ನನ್ನ ನಾಯಕನೂ ಲಿಫ್ಟ್ ತಪಾಸಣೆಯವನೇ. ಕತ್ತಲಲ್ಲಿ ಅವಳ ಪಕ್ಕ ನಿಂತು, ಹಗ್ಗ ತುಂಡಾದರೂ ಲಿಫ್ಟು ಯಾಕೆ ಕೆಳಗೆ ಬೀಳುವುದಿಲ್ಲ ಎಂದು ಎರಡು ಪುಟ ವಿವರಿಸುತ್ತಾನೆ. ಬಹಳ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆ. ಮೊದಲು ಕಾಲೇಜು ಹುಡುಗಿಯರು ಕಿಸಕ್ಕೆಂದರು. ಆಮೇಲೆ ಬ್ಯೂಟಿ ಪಾರ್ಲರಿನಾಕೆ. ಕೊನೆಗೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಬೇರೇನು ಮಾಡಲಿ? ಕಿವಿ ಕಾದ ಹಂಚಾಗಿತ್ತು. ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ. ಮುಂದಿನ ಎರಡು ಶನಿವಾರ ಆ ಕಡೆ ತಲೆ ಹಾಕಲಿಲ್ಲ.

ಮೂರನೆಯ ಶನಿವಾರಕ್ಕೆ ಮುಂಚೆ ಒಂದು ಸಂಜೆ ಮನೆಯ ಬಾಗಿಲು ಬಡಿದ ಸದ್ದಾಯಿತು. ನಮ್ಮ ಕ್ಲಾಸಿನ ನರ್ಸಮ್ಮ. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಎದೆಯ ಮೇಲೆ ಆಸ್ಪತ್ರೆಯ ಬಿಲ್ಲೆ ಇನ್ನೂ ಇತ್ತು. ಕೂತುಕೊಳ್ಳಲೂ ಇಲ್ಲ.

"ಸರ್, ನಾನು ಕ್ಷಮೆ ಕೇಳೋಕೆ ಬಂದಿಲ್ಲ. ನಗು ಬಂತು, ನಕ್ವಿ."

"ಪರವಾಗಿಲ್ಲಮ್ಮ."

"ಪರವಾಗಿದೆ ಸರ್. ಅವರಿಬ್ಬರನ್ನ ಲಿಫ್ಟಲ್ಲೇ ಬಿಟ್ಟು ಮನೇಲಿ ಕೂತಿದ್ದೀರಲ್ಲ. ಆಮೇಲೆ ಏನಾಯ್ತು?"

ಟೀ ಕುಡೀತೀಯಾ ಎಂದಷ್ಟೇ ಕೇಳಿದೆ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಕಾರಣ ಕೊನೆಯಲ್ಲಿ ಬರೆಯುತ್ತೇನೆ, ಧೈರ್ಯ ಉಳಿದರೆ.

ಶನಿವಾರ ಹೋದೆ. ಟೀಚರಮ್ಮ ನನ್ನ ಹಾಳೆ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದರು. "ನಿಮ್ಮ ನಾಯಕಿ ಹನ್ನೊಂದು ಸಲ 'ಹೌದಾ' ಅಂದಿದ್ದಾಳೆ ಸರ್. ಬೇರೆ ಮಾತೇ ಇಲ್ಲ. ಅವಳಿಗೇನು ಬೇಕು ಅಂತ ಇವನು ಕೇಳಿದ್ನಾ?"

"ಇಲ್ಲ" ಎಂದೆ.

"ನಿಮಗಾದ್ರೂ ಗೊತ್ತಾ?"

ಅದಕ್ಕೂ ಇಲ್ಲ ಎನ್ನಬೇಕಾಯಿತು.

ಆ ವಾರವೆಲ್ಲ ಕೂತು ನಾಯಕಿಯ ಬಾಯಿಂದ ಮಾತು ಹೊರಡಿಸಲು ನೋಡಿದೆ. ಬರೆದದ್ದೆಲ್ಲ ನನ್ನ ಮಾತೇ, ಸೀರೆ ಉಡಿಸಿದ ಹಾಗೆ. ಗುರುವಾರ ಬೆಳಿಗ್ಗೆ, ಹಾಲು ಉಕ್ಕಿದ ಒಲೆಯನ್ನು ಒರೆಸುತ್ತಾ ಬೈದುಕೊಳ್ಳುತ್ತಿದ್ದಾಗ, ಇದ್ದಕ್ಕಿದ್ದಂತೆ ಅವಳು ಬಾಯಿಬಿಟ್ಟಳು. "ಸಾಕು ನಿಲ್ಸಿ ನಿಮ್ಮ ಬ್ರೇಕಿನ ಪುರಾಣ. ಬೀಳಲ್ಲ ಅಂತ ನನಗೂ ಗೊತ್ತು. ಆದ್ರೂ ಭಯ ಆಗ್ತಿದೆ. ಅದನ್ನ ಕೇಳಿದ್ರಾ?" ಒದ್ದೆ ಕೈಯಲ್ಲೇ ಬರೆದುಕೊಂಡೆ. ಅದು ನಿಮ್ಮಮ್ಮನ ದನಿ. ಅವಳು ಹೋಗಿ ಎರಡು ವರ್ಷವಾಯಿತು, ಆದರೆ 'ಪುರಾಣ' ಎನ್ನುವಾಗ ಆ 'ರಾ'ವನ್ನು ಎಳೆಯುತ್ತಿದ್ದಳಲ್ಲ, ಅದು ಹಾಗೇ ಕೇಳಿಸಿತು.

ಓದಿದಾಗ ಮತ್ತೆ ನಕ್ಕರು. ಈ ಸಲ ಅವಳ ಜೊತೆ ನಕ್ಕರು. ನಾಯಕ ಕೊನೆಗೂ ಬಾಯಿ ಮುಚ್ಚಿ, "ಕ್ಷಮಿಸಿ, ಹೇಳಿ" ಎಂದ ಕಡೆ ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, "ಈಗ ಬಸ್ಸಲ್ಲಿರೋಳು ತನ್ನ ಸ್ಟಾಪು ಮರೀತಾಳೆ" ಎಂದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ನನಗೆ ಅಂಥ ಮಾತು ಹೇಳಿರಲಿಲ್ಲ.

ಈಗ ಒಂಬತ್ತನೆಯ ಅಧ್ಯಾಯದಲ್ಲಿದ್ದೇನೆ. ನಾಯಕಿ ನನ್ನ ಮಾತು ಕೇಳುವುದನ್ನೇ ಬಿಟ್ಟಿದ್ದಾಳೆ. ಹತ್ತರಲ್ಲಿ ಇಬ್ಬರೂ ಮುನಿಸಿಕೊಂಡು ದೂರವಾಗಬೇಕೆಂದು ಟೀಚರಮ್ಮನ ಅಪ್ಪಣೆ, ತಪ್ಪು ಅವನದೇ ಆಗಿರಲಿ ಎಂದು ನನ್ನ ಆಸೆ.

ಮೊಮ್ಮಗಳ ಹಲ್ಲು ಬಿತ್ತೇ? ಅಳಿಯಂದಿರ ಬೆನ್ನು ಹೇಗಿದೆ? ದಿನವಿಡೀ ಅಂಗಡಿಯಲ್ಲಿ ನಿಂತೇ ಇರಬೇಡ, ನಡುವೆ ಕೂತುಕೋ. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಾತಿಗೆ ಆ ಮನೆಯಲ್ಲಿ ಸದಾ ಕಿವಿಗಳಿರಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ನೀನು ಆಗ ಮೂರನೇ ಕ್ಲಾಸು. ನಮ್ಮ ಆಫೀಸಿನ ನಾಲ್ವರು ಮನೆಗೆ ಬಂದಿದ್ದರು. ನಿಮ್ಮಮ್ಮ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದಳು. ಅದರ ಒಂದು ಪುಟವನ್ನು ನಾನು ಹೆಣ್ಣು ದನಿ ಮಾಡಿ ಅವರ ಮುಂದೆ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀ ತಂದ ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ನೀನು ಬಾಗಿಲ ಹತ್ತಿರ ನಿಂತಿದ್ದೆ, ನಗಲಿಲ್ಲ. ಅಮ್ಮ ಮತ್ತೆ ಬರೆಯಲೇ ಇಲ್ಲ. ನನ್ನನ್ನು ಕರೆಯಲು ನರ್ಸಮ್ಮ ಎರಡು ಬಸ್ಸು ಬದಲಿಸಿ ಬಂದಳು. ಅಮ್ಮ ಒಂದೇ ಮನೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿದ್ದಳು. ಆಮೇಲೆ ಏನಾಯಿತು ಎಂದು ಇಪ್ಪತ್ತಾರು ವರ್ಷ ನಾನು ಕೇಳಲಿಲ್ಲ. ಆ ಪುಟದಲ್ಲಿ ಏನಿತ್ತೆಂದು ಎಷ್ಟು ನೆನೆದರೂ ಹೊಳೆಯುವುದಿಲ್ಲ ಗುಬ್ಬಿ, ನಗು ಮಾತ್ರ ನೆನಪಿದೆ. ಅಮ್ಮ ನಿನಗೆ ಆ ಕಥೆ ಹೇಳಿದ್ದಳೇ? ಹೇಳಿದ್ದರೆ, ಗೊತ್ತಿದ್ದಷ್ಟು ಬರೆದು ಕಳಿಸು.