ಅತ್ತೆಗೆ ಇಂಗ್ಲಿಷ್ ಪಾಠ

ಅಮ್ಮಾ, ನನಗೆ ಮದುವೆಯಾಯಿತು! ಹನ್ನೊಂದು ದಿನವಾದರೂ ಕಾಲು ನೆಲಕ್ಕೆ ತಾಗುತ್ತಿಲ್ಲ. ನಿನಗೆ ಹೇಳದೆ ಆದೆನಲ್ಲ, ಅದೊಂದು ಮಾತ್ರ ಚುಚ್ಚುತ್ತಿದೆ.

ಅತ್ತೆ ಆಸ್ಪತ್ರೆಯಲ್ಲಿ ಆಯಾ. ಕೆಲಸ ಖಾಯಂ ಆಗಲು ಇಂಗ್ಲಿಷ್ ಪರೀಕ್ಷೆ ಬರೆಯಬೇಕು, ಹೇಳಿಕೊಡುವವಳು ನಾನು. ಇವತ್ತು ಕೇಳಿದರು: “ಲುಕ್ ಅಂದ್ರೆ ನೋಡು, ಆಫ್ಟರ್ ಅಂದ್ರೆ ಆಮೇಲೆ. ಲುಕ್ ಆಫ್ಟರ್ ಅಂದ್ರೆ ಆಮೇಲೆ ನೋಡೋಣ ಅಂತ ತಾನೇ?”

ಬಿದ್ದು ಬಿದ್ದು ನಕ್ಕೆ.

“ನಕ್ಕಿದ್ದು ಸಾಕು, ಅರ್ಥ ಹೇಳೇ ಕಾನ್ವೆಂಟ್ ರಾಣಿ!” ಎಂದು ಕಿವಿ ಹಿಂಡಿದರು.

“ಆರೈಕೆ ಮಾಡೋದು ಅತ್ತೆ, ನೀವು ದಿನಾ ಮಾಡ್ತೀರಲ್ಲ, ಅದೇ” ಎಂದೆ. ಎನ್ನುವಾಗಲೇ ನೀನು ನೆನಪಾದೆ. ನೀನೂ ಒಮ್ಮೆ ನನ್ನ ಪುಸ್ತಕ ಹಿಡಿದು ಇಂಥದ್ದೇ ಕೇಳಿದ್ದೆ. ಗೆಳತಿಯರ ಮುಂದೆ ನಾನು ಹೀಗೇ ನಕ್ಕಿದ್ದೆ. ನೀನು ಕಿವಿ ಹಿಂಡಲಿಲ್ಲ. ಪುಸ್ತಕ ಮುಚ್ಚಿ ಹೊಲಿಗೆಗೆ ಕೂತೆ. ಮತ್ತೆಂದೂ ನನ್ನನ್ನು ಏನೂ ಕೇಳಲಿಲ್ಲ, ಯಾರನ್ನು ಮೆಚ್ಚಿದ್ದೀಯೆ ಎಂದು ಕೂಡ.

ಈ ಪತ್ರ ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಬರಬೇಡ ಎಂದು ಬರೆದುಬಿಡುತ್ತೀಯೇನೋ ಎಂಬ ಹೆದರಿಕೆ. ಹೇಳದೆ ಬಂದಾಗ ನೀನು ಬಾಗಿಲು ತೆಗೆದು ಒಳಗೆ ಕರೆಯದಿದ್ದರೆ? ನಿನ್ನ ಅಳಿಯನನ್ನು ನಿಲ್ದಾಣದಲ್ಲೇ ಕೂರಿಸಿ, ಮೊದಲು ನಾನೊಬ್ಬಳೇ ಬರುತ್ತೇನೆ. ಶನಿವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ.